ಪೂಜೆಗೆ ಕೂತ ರೂಟರು

ಹೊಳೆನರಸೀಪುರದ ತಂಗಿಯ ಮನೆಗೆ ವೈರ್‌ಲೆಸ್ ರೂಟರ್ ಹಾಕಿಸಿದವನು ನಾನೇ. ಎರಡು ಸಾವಿರದ ಮೊದಲ ದಶಕ ಮುಗಿಯುತ್ತ ಬಂದಿತ್ತು. ಆ ಬೀದಿಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದ ಮನೆ ಅದೊಂದೇ ಇರಬೇಕು. ನಾನು ಹಾಸನದ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಇಂಥ ವಿಷಯದಲ್ಲಿ ನನ್ನನ್ನು ಬಿಟ್ಟರಿಲ್ಲ ಅನ್ನುವ ಜಂಬ ತಲೆಗೇರಿ ಕೂತಿದ್ದ ಕಾಲ ಅದು.

ತಂಗಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಹಾಗಾಗಿ ಮಾತೂ ಬರಲಿಲ್ಲ. ಅರಕಲಗೂಡಿನಲ್ಲಿ ಬೆಳೆಯುವಾಗ ನಾವಿಬ್ಬರೂ ಸೇರಿ ನಮ್ಮದೇ ಒಂದು ಕೈಭಾಷೆ ಕಟ್ಟಿಕೊಂಡಿದ್ದೆವು. ಅಪ್ಪ ಅಮ್ಮನಿಗೂ ಅದು ಅರ್ಧಂಬರ್ಧ. ಶಾಲೆಯಲ್ಲಿ ಅವಳಿಗೆ ಕಲಿಸಲು ಯಾರಿಗೂ ತಿಳಿಯಲಿಲ್ಲ. ನಾಲ್ಕನೇ ಕ್ಲಾಸಿಗೆ ಬಿಟ್ಟಳು, ತನ್ನ ಹೆಸರು ಬರೆಯುವುದಷ್ಟೇ ಗೊತ್ತು. ಮದುವೆಯಾಗಿ ಹೋದ ಮನೆಯಲ್ಲಿ ಇದ್ದದ್ದು ಗಂಡ ಮತ್ತು ಅತ್ತೆ. ಗಂಡನಿಗೆ ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಮಂಡಿ. ವಾರದಲ್ಲಿ ನಾಲ್ಕು ದಿನ ಅಲ್ಲೇ. ಊಟ, ನಿದ್ದೆ, ಹೋಗಿ ಬರ್ತೀನಿ, ಇಷ್ಟು ಸನ್ನೆ ಕಲಿತಿದ್ದ.

ಮೊದಲ ಬಸುರಿನಲ್ಲಿ ಏಳನೇ ತಿಂಗಳಿಗೆ ಮಗು ಹೊಟ್ಟೆಯಲ್ಲೇ ಹೋಯಿತು. ಮಗು ಅಲುಗಾಡುತ್ತಿಲ್ಲ ಎಂದು ಅವಳು ಒಂದಿಡೀ ದಿನ ಕೈಯಲ್ಲಿ ಹೇಳಿದ್ದಳಂತೆ. ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಮಾರನೇ ದಿನ ನಾನು ಹೋದೆ, ನನ್ನ ಮುಂದೆ ಅದೇ ಸನ್ನೆ ಮಾಡಿದಳು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಎರಡನೇ ಸಲ ಬಸುರಾದಾಗ ನಾನು ಹಟಕ್ಕೆ ಬಿದ್ದೆ. ಫೋನಿನಿಂದ ಅವಳಿಗೆ ಪ್ರಯೋಜನವಿಲ್ಲ, ಮುಖ ಕಾಣಬೇಕು, ಕೈ ಕಾಣಬೇಕು. ಹಳೆಯ ಲ್ಯಾಪ್‌ಟಾಪೊಂದಕ್ಕೆ ಕ್ಯಾಮೆರಾ ಸಿಕ್ಕಿಸಿದೆ. ಡಾಕ್ಟರು ಮಲಗಿರಲು ಹೇಳಿದ್ದರಿಂದ ಲ್ಯಾಪ್‌ಟಾಪು ಅವಳ ಕೋಣೆಯಲ್ಲಿ, ರೂಟರು ನಡುಮನೆಯಲ್ಲಿ ಫೋನಿನ ಪಕ್ಕ. ಅದರ ಅಡ್ಮಿನ್ ಪುಟ ತೆರೆದು, ಕಂಪನಿಯವರು ಹಾಕಿ ಕಳಿಸುವ, ಊರಿಗೆಲ್ಲ ಗೊತ್ತಿರುವ ಪಾಸ್‌ವರ್ಡ್ ತೆಗೆದು ನನ್ನದೊಂದು ಹಾಕಿದೆ. ಆಮೇಲೆ ರಿಮೋಟ್ ಆಕ್ಸೆಸ್ ಎಂಬಲ್ಲಿ ಟಿಕ್ ಮಾಡಿದೆ. ಏನಾದರೂ ಕೆಟ್ಟರೆ ಅವಳು ಫೋನ್ ಮಾಡಿ ದೂರು ಹೇಳುವಂತಿಲ್ಲವಲ್ಲ. ಹಾಸನದಲ್ಲಿ ಕೂತೇ ಆ ಪುಟ ತೆರೆದು ಸರಿಮಾಡುವಂತಿರಬೇಕು, ಅದು ನನ್ನ ಲೆಕ್ಕಾಚಾರ. ಪಾಸ್‌ವರ್ಡು ಯಾರಿಗೂ ಹೇಳಲಿಲ್ಲ.

ದಿನಾ ಸಂಜೆ ಏಳಕ್ಕೆ ಅವಳು ಪರದೆಯ ಮೇಲೆ ಬರುತ್ತಿದ್ದಳು. ಅಂಗೈಯನ್ನು ಪಟಪಟನೆ ಕುಲುಕಿದರೆ ಮೀನು. ಚಿಕ್ಕಂದಿನಲ್ಲಿ ಅರಕಲಗೂಡಿನ ಕೆರೆಯಲ್ಲಿ ಟವಲಿನಿಂದ ಮೀನು ಹಿಡಿದು ಮತ್ತೆ ನೀರಿಗೆ ಬಿಡುತ್ತಿದ್ದೆವು, ಆಗಿನ ಸನ್ನೆ. ಮಗು ಒದ್ದರೂ ಹಾಗೇ ಇರುತ್ತದೆ ಅಂದಿದ್ದಳು. ಅಂಗೈ ಕುಲುಕಿದರೆ ಮಗು ಆಡುತ್ತಿದೆ, ಅಗಲ ಮಾಡಿ ಸುಮ್ಮನೆ ಹಿಡಿದರೆ ಆಡುತ್ತಿಲ್ಲ. ನಾಲ್ಕು ತಿಂಗಳು ದಿನವೂ ಮೀನು ನೋಡಿದೆ. ಒಂದು ಗಂಟೆಯ ಬಸ್ ದಾರಿಯ ಆ ಊರಿಗೆ ಒಂದೇ ಒಂದು ಸಲವೂ ಹೋಗಲಿಲ್ಲ. ಪರದೆಯಲ್ಲೇ ಕಾಣುತ್ತಾಳಲ್ಲ, ಯಾಕೆ ಹೋಗಬೇಕು?

ಎಂಟು ತಿಂಗಳು ತುಂಬಿತ್ತು. ಆಯುಧಪೂಜೆಯ ಸಂಜೆ ಏಳಕ್ಕೆ ಅವಳು ಬರಲಿಲ್ಲ. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಆ ಮನೆಯಲ್ಲಿ ತಕ್ಕಡಿಯಿಂದ ಹಿಡಿದು ಮಿಕ್ಸಿಯವರೆಗೆ ಎಲ್ಲಕ್ಕೂ ವಿಭೂತಿ, ಕುಂಕುಮ, ಹೂವು. ಪೂಜೆಗಿಟ್ಟದ್ದನ್ನು ಮಾರನೇ ದಿನದವರೆಗೆ ಮುಟ್ಟುವಂತಿಲ್ಲ. ಲ್ಯಾಪ್‌ಟಾಪು ದೇವರ ಮುಂದೆ ಕೂತಿರಬೇಕು ಅಂದುಕೊಂಡು ಪುರಿ ತಿಂದು ಮಲಗಿದೆ.

ವಿಜಯದಶಮಿಯ ಬೆಳಗ್ಗೆ ಎಂಟಕ್ಕೆ ನೋಡಿದೆ. ಇಲ್ಲ. ರೂಟರಿನ ಪುಟ ತೆರೆಯಲು ಹೋದೆ. ತೆರೆಯಲಿಲ್ಲ. ಇನ್ನೊಮ್ಮೆ. ಮತ್ತೊಮ್ಮೆ. ವಿಳಾಸ ಬದಲಾಗಿರಬಹುದು, ನಮ್ಮ ಕಡೆಯ ಲೈನೇ ಕೆಟ್ಟಿರಬಹುದು, ಒಂದೊಂದೇ ಪರೀಕ್ಷೆ ಮಾಡುತ್ತ ಕೂತೆ. ನಮ್ಮದು ಸರಿಯಿತ್ತು. ಅಲ್ಲಿಯದು ಸತ್ತಿತ್ತು. ಒಂಬತ್ತಾಯಿತು, ಹತ್ತಾಯಿತು. ಕೀಬೋರ್ಡನ್ನು ಎತ್ತಿ ಕುಕ್ಕಿದೆ. ‘ತೆರಿಯೇ ಮುಂಡೇದೇ’ ಎಂದು ಪರದೆಗೆ ಬೈದೆ. ಫೋನು ಕೈಯಳತೆಯಲ್ಲೇ ಇತ್ತು. ಮಾಡಿ ಏನು ಪ್ರಯೋಜನ, ಆ ಮುದುಕಿಗೇನು ತಿಳಿಯುತ್ತದೆ ಎಂದು ಮಾಡಲಿಲ್ಲ. ಇದನ್ನು ಬರೆಯುವಾಗಲೂ ಕೆನ್ನೆಗೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಹನ್ನೊಂದು ಹೊಡೆದ ಮೇಲೆ ಫೋನ್ ಮಾಡಿದೆ. ತಂಗಿಯ ಅತ್ತೆ ಎತ್ತಿದರು.

“ಅಮ್ಮಾ, ಅವಳು ಹೇಗಿದ್ದಾಳೆ?”

“ಚೆನ್ನಾಗವ್ಳೆ ಕಣಪ್ಪಾ. ನೆನ್ನೆಯಿಂದ ಆ ಡಬ್ಬದ್ ಮುಂದೇನೇ ಕುಂತವ್ಳೆ. ಒಬ್ಬಟ್ಟು ಕೊಟ್ರೂ ಮುಟ್ನಿಲ್ಲ. ನೀನ್ ಕಾಣ್ತಿಲ್ಲ ಅಂತ ಬೇಜಾರು ಅಂತ ಕಾಣ್ತದೆ.”

“ಕೈಯಲ್ಲಿ ಏನಾದರೂ ತೋರಿಸ್ತಾಳಾ?”

“ಅಂಗೈ ಅಗಲ ಮಾಡಿ ಸುಮ್ಕೆ ಇಡ್ಕತಾಳೆ. ಅಳ್ತಾಳೆ. ನಂಗೇನ್ ತಿಳೀತದಪ್ಪಾ.”

“ಅಮ್ಮಾ, ಮಗು ಆಡ್ತಿಲ್ಲ! ಈಗಿಂದೀಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ!” ಎಂದು ಕಿರುಚಿದೆ. ಆ ಕಡೆಯಿಂದ “ಅಯ್ಯೋ ಶಿವನೇ” ಎಂಬ ದನಿ ಕೇಳಿತು, ಫೋನು ಕೆಳಗೆ ಬಿದ್ದ ಸದ್ದಾಯಿತು. ಯಾಕೆ, ಏನು, ಮಗ ಊರಲ್ಲಿಲ್ಲ, ಹಬ್ಬದ ದಿನ ಡಾಕ್ಟರ್ ಎಲ್ಲಿರುತ್ತಾರೆ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ ಆಕೆ.

ಬಸ್ ಸ್ಟ್ಯಾಂಡಿಗೆ ಓಡಿದೆ. ಹೊಳೆನರಸೀಪುರದ ಬಸ್ಸು ಬಾಳೆಕಂದು, ಸೇವಂತಿಗೆ ಹಾರ ಹೊತ್ತು ನಿಂತಿತ್ತು. ಡ್ರೈವರ್ ಇಲ್ಲ. ಕಂಡಕ್ಟರನ ಮೇಲೆ ರೇಗಿದೆ. “ಬತ್ತಾವ್ರೆ ತಡೀರಿ ಸಾ, ಅಬ್ಬ ಅಲ್ವಾ” ಅಂದ. ಅವನನ್ನು ಅಲ್ಲೇ ಹಿಡಿದು ಬಡಿಯುವಷ್ಟು ಸಿಟ್ಟು ಬಂತು. ಹೊರಟ ಮೇಲೂ ಬಸ್ಸು ಕೈ ಅಡ್ಡ ಹಾಕಿದವರಿಗೆಲ್ಲ ನಿಂತಿತು. ಮೊಸಳೆಯ ಹತ್ತಿರ ಬನ್ನಿ ಸೊಪ್ಪು ಹಿಡಿದ ಒಂದು ಗುಂಪು ಹತ್ತಿ, ನಗುತ್ತ, ಎಲ್ಲರ ಕೈಗೂ ಎರಡೆರಡು ಎಲೆ ಕೊಟ್ಟಿತು. ನನಗೂ ಕೊಟ್ಟರು. ನನ್ನ ತಂಗಿಯ ಮಗು ಸತ್ತಿದೆ, ಇವರು ನಗುತ್ತಿದ್ದಾರೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಹೌದು, ಸತ್ತೇ ಹೋಗಿದೆ ಅಂತಲೇ ಅಂದುಕೊಂಡಿದ್ದೆ. ಮುಖ ಕಿಟಕಿಯ ಕಡೆ ತಿರುಗಿಸಿ ಅತ್ತೆ.

ತಂಗಿ ತೋರಿಸಿಕೊಳ್ಳುತ್ತಿದ್ದ ನರ್ಸಿಂಗ್ ಹೋಮಿಗೆ ಹೋದಾಗ ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತ್ತು. ಹೊರಗಿನ ಬೆಂಚಿನ ಮೇಲೆ ಅತ್ತೆ ಒಬ್ಬರೇ ಕೂತಿದ್ದರು. ಕಾಲಿಗೆ ಚಪ್ಪಲಿ ಇರಲಿಲ್ಲ. ಆಟೋ ಸಿಗದೆ ಪೇಟೆ ಬೀದಿಯವರೆಗೂ ಬರಿಗಾಲಲ್ಲಿ ಓಡಿ, ಹೂವಿನ ಅಲಂಕಾರದಲ್ಲಿದ್ದ ಯಾವನದೋ ಆಟೋವನ್ನು ಅಡ್ಡಗಟ್ಟಿ ತಂದಿದ್ದರು. ಕಾಯಿ ಕೊಳ್ಳಲು ಹೋಗಿದ್ದ ಮಗ ಹಿರೀಸಾವೆಯಿಂದ ಹೊರಟಿದ್ದಾನೆ ಅಂದರು. ಮಗುವಿನ ಎದೆಬಡಿತ ಇದೆ, ಆದರೆ ಬಹಳ ನಿಧಾನ, ಏನೂ ಹೇಳುವಂತಿಲ್ಲ ಅಂದಿದ್ದರಂತೆ ಡಾಕ್ಟರು.

ನಾನು ಪಕ್ಕದಲ್ಲಿ ಕೂತೆ. ಆಕೆಯೇ ಮಾತು ತೆಗೆದರು.

“ನಾನೇ ಕೆಡಿಸ್ದೆ ಅನ್ನುಸ್ತದೆ ಕಣಪ್ಪಾ. ನೆನ್ನೆ ಫೋನ್ ಪಕ್ಕದ್ ಡಬ್ಬಕ್ಕೂ ವಿಭೂತಿ ಕುಂಕುಮ ಇಟ್ಟೆ. ಆರಿಸ್ಬ್ಯಾಡಿ ಅಂತ ನೀನ್ ಏಳಿದ್ದೆಯಲ್ಲ, ಆರಿಸ್ನಿಲ್ಲ. ಇಂದ್ಗಡೆ ಒಂದ್ ಸಣ್ಣ ತೂತದೆ, ಅದ್ರೊಳೀಕೆ ಕುಂಕುಮ ಓಗ್ಬುಡ್ತು. ಕೆಟ್ಟೀತು ಅಂತ ಸೀರೆ ಪಿನ್ನಲ್ಲಿ ಒತ್ತಿ ಒತ್ತಿ ತೆಗ್ದೆ. ಆಮ್ಯಾಕೆ ಅದ್ರಲ್ಲಿ ಒಂದ್ ದೀಪ ಅತ್ನಿಲ್ಲ.”

ಅದು ರೀಸೆಟ್ ಗುಂಡಿಯ ತೂತು. ಉರಿಯುತ್ತಿರುವ ರೂಟರಿನಲ್ಲಿ ಅದನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ಸಾಕು, ಲೈನಿನ ಹೆಸರು, ಪಾಸ್‌ವರ್ಡು, ರಿಮೋಟ್ ಆಕ್ಸೆಸ್ಸು, ನಾನು ಕೂಡಿಸಿದ್ದೆಲ್ಲ ಅಳಿಸಿ ಹೋಗುತ್ತದೆ. ನನ್ನ ಮೈಯೆಲ್ಲ ಉರಿದುಹೋಯಿತು. “ಆ ತೂತಿಗೆ ಯಾಕಮ್ಮಾ ಪಿನ್ ಹಾಕಿದ್ರಿ? ಗೊತ್ತಿಲ್ಲದ ಮೇಲೆ ಮುಟ್ಟಬಾರದು! ನಿಮ್ಮಿಂದ ಒಂದು ದಿನ ಹಾಳಾಯ್ತಲ್ಲ!” ಎಂದು ಆಸ್ಪತ್ರೆ ಅನ್ನುವುದನ್ನೂ ಮರೆತು ಕೂಗಾಡಿದೆ.

ಆಕೆ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು. ಆಮೇಲೆ ತಲೆ ಎತ್ತಿದರು.

“ಪಿನ್ ಆಕಿದ್ದು ತಪ್ಪೇ ಕಣಪ್ಪಾ, ಇಲ್ಲಾ ಅನ್ನಲ್ಲ. ಅಂಗೈ ಅಂಗಿಟ್ರೆ ಮಗು ಆಡ್ತಿಲ್ಲ ಅಂತ ನಂಗೆ ಯಾಕೆ ಏಳ್ಕೊಡ್ನಿಲ್ಲ ನೀನು? ನೆನ್ನೆ ಸಂಜೆಯಿಂದ ನನ್ ಕಣ್ ಮುಂದೇನೇ ಇಟ್ಟವ್ಳೆ ಅವ್ಳು. ಅದೊಂದ್ ತಿಳ್ದಿದ್ರೆ ಆಗ್ಲೇ ಒತ್ಕೊಂಡ್ ಬತ್ತಿದ್ದೆ.”

ರೂಟರ್ ಹಾಕಿದ ದಿನ ಆಕೆ ನನ್ನ ಹಿಂದೆ ನಿಂತು, ಆ ಕೈಸನ್ನೆ ತನಗೂ ಒಂದಿಷ್ಟು ಕಲಿಸು ಅಂದಿದ್ದರು. ‘ನಿಮಗ್ಯಾಕಮ್ಮಾ ತೊಂದರೆ, ದಿನಾ ನಾನಿರ್ತೀನಲ್ಲ’ ಎಂದು ನಗುತ್ತ ಹೇಳಿ, ಮತ್ತೆ ಪರದೆಯ ಕಡೆ ತಿರುಗಿದ್ದೆ.

ಸುಮಾರು ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಹೆಣ್ಣು ಮಗು, ಉಸಿರಿದೆ, ತೂಕ ಕಡಿಮೆ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ ಎಂದರು ನರ್ಸು.

ಸಂಜೆ ತಂಗಿಗೆ ಎಚ್ಚರವಾಯಿತು. ಮೊದಲು ಖಾಲಿ ಹೊಟ್ಟೆ ಮುಟ್ಟಿ ನೋಡಿಕೊಂಡಳು. ಮುಖ ಬೆಳ್ಳಗಾಯಿತು. ನಾನು ಹೇಳಲು ಕೈ ಎತ್ತಿ ಮುಂದೆ ಹೋಗುವಷ್ಟರಲ್ಲಿ ಅತ್ತೆ ನನ್ನನ್ನು ಪಕ್ಕಕ್ಕೆ ತಳ್ಳಿ ಮಂಚದ ಹತ್ತಿರ ಹೋದರು. ಎರಡೂ ತೋಳು ಮಡಿಸಿ ಎದೆಗಾನಿಸಿಕೊಂಡು, ಇಲ್ಲದ ಮಗುವನ್ನು ತೂಗತೊಡಗಿದರು. ಪಕ್ಕದ ಕೋಣೆಯ ಕಡೆ ಬೆರಳು ತೋರಿಸಿದರು, ಜೋರಾಗಿ ತಲೆಯಾಡಿಸಿದರು, ಮತ್ತೆ ತೂಗಿದರು. ತಂಗಿ ಆ ತೋಳನ್ನೇ ನೋಡುತ್ತಿದ್ದಳು. ಆಮೇಲೆ ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು, ಅತ್ತೆಯ ಸೆರಗು ಹಿಡಿದು ಹತ್ತಿರ ಎಳೆದುಕೊಂಡಳು. ನಾನು ಎತ್ತಿದ ಕೈ ಇಳಿಸಿಕೊಂಡು ಬಾಗಿಲ ಬಳಿಯೇ ನಿಂತೆ. ಅಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ.