ಆರು ಮೋಟರಿನ ಡ್ರೋನ್, ಒಂದು ಸ್ಟೀಲ್ ತಟ್ಟೆ

ನಿನ್ನೆ ಸಂಜೆ ಡ್ರೋನಿಗೆ ಹೊಸ ಮೋಟರ್ ಬೆಸುಗೆ ಹಾಕುತ್ತಿದ್ದೆ. ಬಿಸಿ ತುದಿಗೆ ರಾಳ ತಾಗಿ ಹೊಗೆ ಎದ್ದಿತು... ಆ ವಾಸನೆಗೆ ಪಕ್ಕದ ತೋಟದ ದೊಡ್ಡಮ್ಮ ನೆನಪಾದರು. "ಮಿಷನ್ನಿಗೆ ಹಾಲ್ಮಡ್ಡಿ ಧೂಪ ಹಾಕ್ತೀಯಲ್ಲ ಮಾರಾಯ, ದೇವ್ರಿಗೆ ಒಂದಿನ ಆದ್ರೂ ಹಾಕಿದ್ದುಂಟಾ?" ಎಂದು ಒಮ್ಮೆ ಕೇಳಿದ್ದರು.

ಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿರಲಿಲ್ಲ. ಮೂಡಿಗೆರೆ ಕಡೆಯ ನಮ್ಮೂರಿನಲ್ಲಿ ಬೇಲಿಯಾಚೆಯ ಸಣ್ಣ ಕಾಫಿ ತೋಟ ಅವರದು, ಅಷ್ಟೇ. ಆನೆಗಳ ಓಡಾಟ ಹೆಚ್ಚಾದ ಮೇಲೆ ಅವರೊಂದು ಪದ್ಧತಿ ಮಾಡಿಕೊಂಡಿದ್ದರು. ಹಣ್ಣು ಕೊಯ್ಯುವ ದಿನಗಳಲ್ಲಿ ಬೆಳಿಗ್ಗೆ ಮೊದಲು ತಾವೇ ತೋಟ ಸುತ್ತುತ್ತಿದ್ದರು. ಲದ್ದಿ, ಮುರಿದ ಬೈನೆ ಮರ, ಹೆಜ್ಜೆ... ಏನೂ ಕಾಣದಿದ್ದರೆ ಕೈಯಲ್ಲಿದ್ದ ಸ್ಟೀಲ್ ತಟ್ಟೆಗೆ ಸೌಟಿನಿಂದ ಬಡಿಯುವರು. ಆ ಸದ್ದು ಕೇಳುವ ತನಕ ಆಳುಗಳು ಗೇಟು ದಾಟುತ್ತಿರಲಿಲ್ಲ. ಒಮ್ಮೆ ಆನೆ ಎದುರಾಗಿ, ಓಡಿ ಬಿದ್ದು ಮಂಡಿ ಕೆಡಿಸಿಕೊಂಡರು. ಆದರೂ ಬಿಡಲಿಲ್ಲ. "ಕೂಲಿಗೆ ಬಂದವ್ರನ್ನ ಮುಂದೆ ಕಳ್ಸಿ ನಾನು ಹಿಂದೆ ನಿಲ್ಲೋದಾ?" ಎನ್ನುತ್ತಿದ್ದರು. ಅವರ ಕುಂಟು ನಡಿಗೆ ನೋಡಿದಾಗಲೆಲ್ಲ ನನಗೆ ಭಯವಾಗುತ್ತಿತ್ತು.

ಆಗ ನನ್ನ ಹತ್ತಿರ ಇದ್ದದ್ದು ನಾಲ್ಕು ಮೋಟರಿನ ಡ್ರೋನ್. ಬೆಟ್ಟದ ಮೇಲಿನ ಮಂಜಿನ ವಿಡಿಯೋ ತೆಗೆಯುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿರಲಿಲ್ಲ. ಒಂದು ದಿನ ಒಂದು ಮೋಟರ್ ನಿಂತು, ಮಗುಚಿ ಅವರ ಕಾಫಿ ಗಿಡಗಳ ನಡುವೆ ಬಿತ್ತು. ದೊಡ್ಡಮ್ಮ ಸೆರಗಿನಲ್ಲಿ ಚೂರುಗಳನ್ನು ತಂದುಕೊಟ್ಟರು.

"ನಮ್ಮ ನಾಯಿ ಮೂರು ಕಾಲಲ್ಲಿ ಊರೆಲ್ಲ ತಿರುಗ್ತದೆ. ನಿಂದು ಯಾಕೆ ಬಿತ್ತು?"

ನಗು ಬಂತು, ಆದರೆ ಪ್ರಶ್ನೆ ತಲೆಯಲ್ಲಿ ಉಳಿಯಿತು. ನಾಲ್ಕರಲ್ಲಿ ಒಂದು ಹೋದರೆ ತೂಕ ಒಂದೇ ಕಡೆ ವಾಲುತ್ತದೆ. ಆರಿದ್ದರೆ ಉಳಿದ ಐದು ಹೇಗೋ ಸಂಭಾಳಿಸಿಕೊಂಡು ಇಳಿಸುತ್ತವೆ. ಮೇಲಾಗಿ, ಮೈಬಿಸಿಯನ್ನು ಬೆಳ್ಳಗೆ ತೋರಿಸುವ ಭಾರದ ಕ್ಯಾಮೆರಾವನ್ನೂ ಹೊರುತ್ತವೆ. ದೊಡ್ಡಮ್ಮ ನಡೆಯುವ ಬದಲು ಅದು ಹಾರಲಿ ಎಂದುಕೊಂಡೆ. ಹಳೆಯದರ ಕಂಟ್ರೋಲರ್ ಉಳಿಸಿಕೊಂಡು, ಆರು ತೋಳಿನ ಚೌಕಟ್ಟು, ಮೋಟರುಗಳು, ದೊಡ್ಡ ಬ್ಯಾಟರಿ, ಆ ಕ್ಯಾಮೆರಾ ತರಿಸಿದೆ.

ಮೊದಲ ಹಾರಾಟಕ್ಕೆ ಸಮತಟ್ಟಾದ ಜಾಗ ಎಂದು ಅವರ ಕಾಫಿ ಕಣದ ಮೂಲೆ ಆರಿಸಿದ್ದೆ. ಅಕ್ಕಪಕ್ಕದ ಮೋಟರುಗಳು ಒಂದು ಎಡಕ್ಕೆ ತಿರುಗಿದರೆ ಇನ್ನೊಂದು ಬಲಕ್ಕೆ ತಿರುಗಬೇಕು. ನಾನು ಒಂದನ್ನು ಉಲ್ಟಾ ಜೋಡಿಸಿದ್ದೆ. ಡ್ರೋನ್ ನೆಲದಲ್ಲೇ ಬುಗುರಿಯ ಹಾಗೆ ಗಿರಗಿರ ತಿರುಗಿತು. ಒಣಗಲು ಹರವಿದ್ದ ಪಾರ್ಚ್‌ಮೆಂಟ್ ಕಾಫಿಬೀಜ ಅಂಗಳದ ತುಂಬ ಹಾರಿತು. ದೊಡ್ಡಮ್ಮ ಪೊರಕೆ ತಂದು ನನ್ನ ಕೈಗೆ ಕೊಟ್ಟರು. "ಆನೆ ಬಂದಿದ್ರೂ ಇಷ್ಟು ಹಾಳು ಮಾಡ್ತಿರ್ಲಿಲ್ಲ!"

ಕೊನೆಗೂ ಅದು ನೆಟ್ಟಗೆ ಹಾರಿತು. ಆದರೆ ಅವರಿಗೆ ನಂಬಿಕೆ ಬರಲಿಲ್ಲ. ನಾನು ಮೇಲಿನಿಂದ ನೋಡುತ್ತಿದ್ದರೂ ತಟ್ಟೆ ಹಿಡಿದು ಹೊರಡುತ್ತಿದ್ದರು. ಒಂದು ಬೆಳಿಗ್ಗೆ ಪರದೆಯಲ್ಲಿ ಹಳ್ಳದ ಪಕ್ಕ ದೊಡ್ಡ ಬಿಳಿ ಗುಡ್ಡೆ ಕಂಡಿತು. ಅದರ ಕಡೆಗೇ ನಡೆದುಹೋಗುತ್ತಿದ್ದ ಸಣ್ಣ ಬಿಳಿ ಚುಕ್ಕೆ ದೊಡ್ಡಮ್ಮ. ಕೂಗಿದರೆ ಕೇಳುವಷ್ಟು ಹತ್ತಿರವಿರಲಿಲ್ಲ. ಡ್ರೋನನ್ನು ಅವರ ತಲೆಯ ಮೇಲಕ್ಕೆ ತಂದು ಹಿಂದೆ ಮುಂದೆ ಆಡಿಸಿದೆ. ಚುಕ್ಕೆ ನಿಂತಿತು... ಮೆಲ್ಲಗೆ ಹಿಂದೆ ತಿರುಗಿತು.

ಮರುದಿನದಿಂದ ಅವರು ಕಣದಲ್ಲೇ ನನ್ನ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಕನ್ನಡಕ ಏರಿಸಿ ಪರದೆಯ ಮೂಲೆ ಮೂಲೆ ನೋಡಿ, "ಅಲ್ಲಿ ಇನ್ನೊಂದು ಸುತ್ತು ಹಾಕು" ಎಂದು ನನ್ನಿಂದ ದುಡಿಸಿ, ಆಮೇಲೆ ತಟ್ಟೆ ಬಡಿಯುತ್ತಿದ್ದರು. ಅದನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ.

ಕಳೆದ ಮಳೆಗಾಲದಲ್ಲಿ, ಜ್ವರ ಬಂದು ಮಲಗಿದ ದೊಡ್ಡಮ್ಮ ಮತ್ತೆ ಏಳಲಿಲ್ಲ. ಮೊನ್ನೆ ಹಾರಿಸಿ ನೋಡುವಾಗ ಒಂದು ಮೋಟರ್ ಸುಟ್ಟುಹೋಯಿತು. ಡ್ರೋನ್ ಓಲಾಡುತ್ತ ಐದರಲ್ಲೇ ಮನೆಗೆ ಬಂತು. ಅವರಿಗೆ ತೋರಿಸಬೇಕಿತ್ತು.

ಇವತ್ತು ಅವರ ತೋಟದಲ್ಲಿ ಕೊಯ್ಲು ಶುರು. ಈಗ ತೋಟ ನೋಡಿಕೊಳ್ಳುತ್ತಿರುವ ಅವರ ಮಗಳು ಕರೆದಿದ್ದರು. ಹಾರಿಸಿದೆ, ಎರಡೆರಡು ಸಲ ನೋಡಿದೆ, ಏನೂ ಇರಲಿಲ್ಲ. "ಹೋಗ್ಬಹುದು!" ಎಂದು ಕೂಗಿದೆ. ಗೇಟಿನ ಹತ್ತಿರ ಒಬ್ಬರೂ ಕದಲಲಿಲ್ಲ.

"ಸದ್ದು ಬರ್ಲಿಲ್ಲವಲ್ಲ ಅಯ್ಯ," ಎಂದರು ಮೇಸ್ತ್ರಿ.

ತಟ್ಟೆ ಸ್ಟೋರಿನ ಗೋಡೆಯ ಮೊಳೆಯಲ್ಲೇ ಇತ್ತು. ತೆಗೆದು ಬಡಿದೆ. ನನ್ನ ಕೈಯ ಸದ್ದು ಅವರದರಂತಿರಲಿಲ್ಲ. ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಧಾನವಾಗಿ ಒಳಗೆ ನಡೆದರು. ಪಕ್ಕದ ಖಾಲಿ ಕುರ್ಚಿಯ ಮೇಲೆ ತಟ್ಟೆ ಇಟ್ಟು, ಅವರು ಹೇಳುತ್ತಿದ್ದ ಹಾಗೆ ಇನ್ನೊಂದು ಸುತ್ತು ಹಾಕಿದೆ.