ಎರಡನೇ ಇಂಗೆಬೋರ್ಗ್

ಆಗ ಬಿಟಿಎಂ ಲೇಔಟಿನ ಆಫೀಸೊಂದರಲ್ಲಿ ಅಮೆರಿಕದ ಹಳ್ಳಿ ಚರ್ಚಿನ ಹಳೇ ರಿಜಿಸ್ಟರನ್ನು ಕಂಪ್ಯೂಟರಿಗೆ ಹಾಕುತ್ತಿದ್ದೆ. ನಾರ್ವೆಯಿಂದ ವಲಸೆ ಹೋದ ಲೂಥರನ್ ರೈತರ ಚರ್ಚು ಅದು. ಒಂದೇ ಅಪ್ಪ-ಅಮ್ಮನ ಮಕ್ಕಳಲ್ಲಿ ಇಂಗೆಬೋರ್ಗ್ ಎಂಬ ಹೆಸರು ಎರಡು ಸಲ ಇತ್ತು. ಬರೆದವರ ತಪ್ಪೆಂದು ಎರಡನೆಯದನ್ನು ಅಳಿಸಿದೆ. ಅಂಥವು ಇನ್ನೂ ಇದ್ದವು, ಅವನ್ನೂ ಅಳಿಸಿದೆ.

ಒಂದು ಬೆಳಿಗ್ಗೆ, ನಾವು ಕಳಿಸಿದ ಪಟ್ಟಿ ನೋಡಿ ಆ ಚರ್ಚಿನ ವಯಸ್ಸಾದ ಹೆಂಗಸೊಬ್ಬರು ಫೋನ್ ಮಾಡಿದರು. “ಮಗು ತೀರಿಹೋದ್ರೆ ನಮ್ಮವರು ಮುಂದಿನ ಮಗುಗೆ ಅದೇ ಹೆಸರು ಇಡ್ತಿದ್ರು. ಎರಡನೇ ಇಂಗೆಬೋರ್ಗ್ ನಮ್ಮಜ್ಜಿ,” ಅಂದರು. ದನಿಯಲ್ಲಿ ಸಿಟ್ಟೇ ಇರಲಿಲ್ಲ.

“ಸಾರಿ ಮೇಡಂ,” ಅಂದೆ. ನಮ್ಮ ಮನೆಯಲ್ಲೇ ತಾತನ ಹೆಸರಿನ ಮೂವರು ಮೊಮ್ಮಕ್ಕಳಿದ್ದೇವೆ, ನನಗಾದರೂ ಹೊಳೆಯಬೇಕಿತ್ತು.

ಅಳಿಸಿದವರನ್ನೆಲ್ಲ ಒಬ್ಬೊಬ್ಬರಾಗಿ ಮತ್ತೆ ಸೇರಿಸಿದೆ. ಆ ತಿಂಗಳು ಅತಿ ಹೆಚ್ಚು ತಪ್ಪು ತಿದ್ದಿದವನೆಂದು ಆಫೀಸಿನವರು ನನಗೆ ಗೋಡೆ ಗಡಿಯಾರ ಕೊಟ್ಟರು. ತಪ್ಪು ಯಾರದೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.