ಪೇಟದ ಕೆಳಗಿನ ತಗ್ಗು

ನಮ್ಮ ಕನ್ನಡ ಸಂಘಕ್ಕೆ ಸನ್ಮಾನದ ಹುಚ್ಚು. ವಾಷಿಂಗ್ಟನ್ ಸುತ್ತಮುತ್ತ ಆಗ ಇದ್ದದ್ದು ಬೆರಳೆಣಿಕೆಯ ಕನ್ನಡದ ಮನೆಗಳು, ಹೆಚ್ಚಿನವರು ನನ್ನಂಥ ಡಾಕ್ಟರುಗಳು. ಆದರೂ ಒಂದು ಶಾಲು, ಒಂದು ಮೈಸೂರು ಪೇಟ ಯಾರದಾದರೂ ಕಾರಿನ ಟ್ರಂಕಿನಲ್ಲಿ ಸದಾ ಸಿದ್ಧವಾಗಿರುತ್ತಿದ್ದವು. ಆ ವರ್ಷದ ರಾಜ್ಯೋತ್ಸವಕ್ಕೆ ಸನ್ಮಾನಿಸಲು ಯಾರೂ ಸಿಗದೆ ಒದ್ದಾಡುತ್ತಿದ್ದಾಗ, ವಾಷಿಂಗ್ಟನ್ನಿಗೆ ಹತ್ತಿರದ ಕೊಲಂಬಿಯಾ ಎಂಬ ಊರಿನ ನಮ್ಮ ಪಕ್ಕದ ಮನೆಯ ಮುದುಕರನ್ನು ಕರೆಯೋಣವೆಂದು ನಾನೇ ಜಂಬದಿಂದ ಸೂಚಿಸಿದೆ.

ಅವರು ಸ್ಪೇನಿನ ಉತ್ತರದ ಬಾಸ್ಕ್ ನಾಡಿನವರು. ತಮ್ಮ ಭಾಷೆ, ತಮ್ಮ ನೆಲಕ್ಕೆ ತಮ್ಮದೇ ಆಡಳಿತ ಬೇಕೆಂದು ಹೋರಾಡಿದ ಪಕ್ಷದ ನಾಯಕರು. ಮೂವತ್ತು ತುಂಬುವ ಮೊದಲೇ ಊರಿನ ಮೇಯರ್ ಆಗಿದ್ದರು. ಅಂತರ್ಯುದ್ಧದಲ್ಲಿ ಊರು ಸರ್ವಾಧಿಕಾರಿಯ ಕೈಸೇರಿದಾಗ ದೇಶ ಬಿಟ್ಟು, ಆಮೇಲಿನ ಬದುಕನ್ನೆಲ್ಲ ವಾಷಿಂಗ್ಟನ್ನಿನ ಕಚೇರಿಗಳ ಬಾಗಿಲು ತಟ್ಟುತ್ತ, ಹೊಟ್ಟೆಪಾಡಿಗೆ ಸ್ಪ್ಯಾನಿಷ್ ಕಲಿಸುತ್ತ ಕಳೆದಿದ್ದರು. ಈಗ ಸರ್ವಾಧಿಕಾರಿ ಸತ್ತಿದ್ದ. ಊರಿನಲ್ಲಿ ಮತ್ತೆ ಚುನಾವಣೆ ಬರುವುದಿತ್ತು. ಹೋಗಿ ಮೇಯರ್ ಸ್ಥಾನಕ್ಕೆ ನಿಲ್ಲಬೇಕೆಂದು ಅವರ ಆಸೆ. ಪಕ್ಷ ಒಪ್ಪುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ಸೊರಗಿಹೋಗಿದ್ದರು.

ಒಂದು ಶಾಲೆಯ ಕೆಫೆಟೀರಿಯಾದಲ್ಲಿ, ಬಿಸಿಬೇಳೆಭಾತಿನ ಘಮಘಮದ ನಡುವೆ, ಅವರ ಬಗ್ಗೆ ನಾನು ಭಾಷಣ ಬಿಗಿದೆ. ಸಂಘದ ಅಧ್ಯಕ್ಷರು ಶಾಲು ಹೊದಿಸಿದರು. ಪೇಟ ತೊಡಿಸಲು ಮುದುಕರ ಕಪ್ಪು ಉಣ್ಣೆಯ ಟೋಪಿ ಅಡ್ಡಿಯಾಯಿತು. ಅವರು ಅದನ್ನು ಮನೆಯೊಳಗೂ ತೆಗೆದವರಲ್ಲ. "ಒಂದ್ನಿಮಿಷ ಸಾರ್" ಎನ್ನುತ್ತ ಅಧ್ಯಕ್ಷರು ಅದನ್ನು ಕಿತ್ತೇಬಿಟ್ಟರು.

ಚಪ್ಪಾಳೆ ನಿಂತುಹೋಯಿತು. ಬಲಗಿವಿಯ ಮೇಲೆ ಅವರ ತಲೆಬುರುಡೆ ಒಂದು ನಿಂಬೆಹಣ್ಣು ಕೂರುವಷ್ಟು ಒಳಕ್ಕೆ ಕುಸಿದಿತ್ತು. ಎಷ್ಟೋ ವರ್ಷ ನೆರೆಯಲ್ಲಿದ್ದ ಡಾಕ್ಟರ್ ನಾನು, ಒಮ್ಮೆಯೂ ನೋಡಿರಲಿಲ್ಲ. ಅಧ್ಯಕ್ಷರು ಗಾಬರಿಯಲ್ಲಿ ಪೇಟವನ್ನು ಅದರ ಮೇಲೆ ಒತ್ತಿದರು. ಮುದುಕರು ಹಾಗೆಯೇ ಎಲ್ಲರಿಗೂ ಕೈಮುಗಿದು ಕೂತರು.

"ಸರ್ವಾಧಿಕಾರಿಯ ಸೈನಿಕರು ಹೊಡೆದದ್ದಾ?" ವಾಪಸು ಬರುವಾಗ ಕಾರಿನಲ್ಲಿ ಕೇಳಿದೆ.

"ಅಲ್ಲ. ನನ್ನ ತಂಗಿಯ ಗಂಡ."

ಸೈನ್ಯ ಊರಿನ ಅಂಚಿಗೆ ಬಂದಾಗ, ಜನರ ಮೇಲೆ ಬಾಂಬು ಬೀಳಬಾರದೆಂದು ಇವರು ಕಾದಾಡದೆ ಊರನ್ನು ಒಪ್ಪಿಸಿದ್ದರು. ಇವರದೇ ಪಕ್ಷದವನಾದ ತಂಗಿಯ ಗಂಡ, ದ್ರೋಹಿ ಎಂದು ಬೈದು ಬಂದೂಕಿನ ಹಿಡಿಯಿಂದ ಬಡಿದಿದ್ದ. ಈಗ ಊರಿನಲ್ಲಿ ಪಕ್ಷಕ್ಕೆ ಹಿರಿಯ ಅವನೇ. ಯಾರನ್ನು ನಿಲ್ಲಿಸಬೇಕೆಂದು ತೀರ್ಮಾನಿಸುವವನೂ ಅವನೇ.

ಇಷ್ಟು ವರ್ಷ ಅವರ ಊಟದ ಮೇಜಿನಲ್ಲಿ ಕೂತು ಸರ್ವಾಧಿಕಾರಿಗೆ ಶಾಪ ಹಾಕಿದ್ದವನು ನಾನು. "ನೋಯುತ್ತಾ?" ಎಂದೆ.

"ಇಲ್ಲ ಡಾಕ್ಟರ್. ಯಾವತ್ತೂ ನೋಯಲಿಲ್ಲ."

ಚಳಿಗಾಲ ಮುಗಿಯುವ ಮೊದಲು ಅವರು ಊರಿಗೆ ಹೊರಟರು. ಏರ್‌ಪೋರ್ಟಿಗೆ ನಾನೇ ಕರೆದೊಯ್ದೆ. ಟೋಪಿ ಕೋಟಿನ ಜೇಬಿನಲ್ಲಿತ್ತು.

"ಬರೀ ತಲೇಲಿ ಹೋಗ್ತೀರಾ?"

"ನಿಮ್ಮವರೆಲ್ಲ ನೋಡಿಯಾಯ್ತು. ಇನ್ನು ನಮ್ಮವರೂ ನೋಡಲಿ."

ವಸಂತದಲ್ಲಿ ಒಂದು ಭಾನುವಾರ ಅವರ ಫೋನ್ ಬಂತು. ಅವರು ಮತ್ತೆ ಮೇಯರ್ ಆಗಿದ್ದರು. ಪಕ್ಷದ ಸಭೆಯಲ್ಲಿ ಅವರ ಹೆಸರು ಸೂಚಿಸಿದ್ದು ತಂಗಿಯ ಗಂಡನೇ ಅಂತೆ. ನನಗೆ ನಂಬಲಾಗಲಿಲ್ಲ. ಅವನು ಹೇಗೆ ಒಪ್ಪಿದನೆಂದು ಕೇಳಿದೆ.

"ಸಭೆಗೆ ಮುಂಚೆ ಮನೆಗೆ ಬಂದ. ಎದುರಿಗೆ ಕೂತು ನನ್ನ ತಲೇನೇ ನೋಡ್ತಿದ್ದ. ಆಮೇಲೆ, ಇನ್ನೂ ನೋಯುತ್ತಾ ಅಂತ ಕೇಳಿದ."

"ನೀವೇನಂದ್ರಿ?"

"ಹೌದು ಅಂದೆ."